ಕೆರೆಗೆ ಬಿಟ್ಟ ಮೀನು ಕೆರೆಯಲ್ಲೇ ಇರುವುದಿಲ್ಲ

ಮಾನ್ಯ ಸಂಪಾದಕರೇ,

ಕಡಲು ಬಿಸಿಯಾಗುತ್ತಿದೆ, ಒಂದು ಕಡಲಿನ ಮೀನು ಇನ್ನೊಂದು ಕಡಲಿಗೆ ನುಗ್ಗುತ್ತಿದೆ ಅನ್ನುವ ಸುದ್ದಿ ಪತ್ರಿಕೆಯಲ್ಲಿ ಬಂದರೂ ವಿದೇಶದ ಪುಟದ ಮೂಲೆಯಲ್ಲಿ ಬರುತ್ತದೆ. ಕೊಡಗಿನಲ್ಲಿ ಅದನ್ನು ಓದುವವರು ಕಡಿಮೆ. ನಮಗೆ ಕಡಲೇ ಇಲ್ಲ, ಅಲ್ವಾ? ಮಳೆ ಎಷ್ಟು ಬಿತ್ತು, ಆನೆ ಎಲ್ಲಿದೆ, ಕಾಫಿ ರೇಟು ಏನಾಯಿತು, ನಮ್ಮ ಮಾತು ಇಷ್ಟರಲ್ಲೇ ಮುಗಿಯುತ್ತದೆ. ಆದರೂ ಈ ಪತ್ರ ಬರೆಯುತ್ತಿದ್ದೇನೆ. ಕಡಲಿನಲ್ಲಿ ಆದದ್ದನ್ನು ಓದಿದಷ್ಟೂ ನನಗೆ ನಮ್ಮ ತೋಟದ ಕೆರೆಗಳ ಮತ್ತು ಕಾವೇರಿಯ ಚಿಂತೆ ಜಾಸ್ತಿಯಾಗಿದೆ. ಹೊರಗಿನ ಮೀನು ಕಡಲಿಗೋ ದೊಡ್ಡ ಹೊಳೆಗೋ ಸೇರಿ ಮರಿ ಮಾಡಲು ಶುರು ಮಾಡಿದ ಮೇಲೆ ಅದನ್ನು ಪೂರ್ತಿ ತೆಗೆಯುವುದು ದುಡ್ಡಿರುವ ದೊಡ್ಡ ದೇಶಗಳಿಂದಲೂ ಆಗಿಲ್ಲ. ಏನು ಮಾಡುವುದಿದ್ದರೂ ಅದು ಸೇರುವ ಮೊದಲೇ ಮಾಡಬೇಕು. ನಾನು ಹೇಳಬೇಕೆಂದಿರುವುದು ಇಷ್ಟೇ, ಆದರೆ ಯಾಕೆ ಹೀಗೆ ಹೇಳುತ್ತೇನೆ ಅನ್ನುವುದಕ್ಕೆ ಸ್ವಲ್ಪ ಜಾಗ ಬೇಕು.

ಮೆಡಿಟರೇನಿಯನ್ ಸಮುದ್ರದ ಕಥೆ ನೋಡಿ. 1869ರಲ್ಲಿ ಸೂಯೆಜ್ ಕಾಲುವೆ ತೆಗೆದರು. ಹಡಗಿಗೆ ದಾರಿಯಾಯಿತು, ಕೆಂಪು ಸಮುದ್ರದ ಮೀನಿಗೂ ದಾರಿಯಾಯಿತು. ಆದರೆ ಮೊದಮೊದಲು ಮೀನು ಅಷ್ಟು ಸಲೀಸಾಗಿ ದಾಟಲಿಲ್ಲ. ಕಾಲುವೆಯ ನಡುವೆ ಇರುವ ಸರೋವರಗಳ ನೀರು ಕಡಲಿಗಿಂತ ಎಷ್ಟೋ ಪಾಲು ಹೆಚ್ಚು ಉಪ್ಪು, ಅದೇ ಒಂದು ತಡೆ. ಆ ಉಪ್ಪು ವರ್ಷದಿಂದ ವರ್ಷಕ್ಕೆ ಕರಗುತ್ತಾ ಬಂತು. ಆ ಕಡೆ ನೈಲ್ ನದಿ ಮಳೆಗಾಲದಲ್ಲಿ ತಂದು ಸುರಿಯುತ್ತಿದ್ದ ಸಿಹಿನೀರು ಇನ್ನೊಂದು ತಡೆ. 1970ರಲ್ಲಿ ಅಸ್ವಾನ್ ದೊಡ್ಡ ಅಣೆಕಟ್ಟು ಮುಗಿದ ಮೇಲೆ ಅದೂ ಹೋಯಿತು. 2015ರಲ್ಲಿ ಕಾಲುವೆಯನ್ನು ಇನ್ನಷ್ಟು ಅಗಲ, ಆಳ ಮಾಡಿದರು. ಉಳಿದಿದ್ದ ತಡೆ ಅಂದರೆ ಚಳಿಗಾಲದ ತಣ್ಣೀರು. ಬಿಸಿ ಕಡಲಿನ ಮೀನು ಬೇಸಿಗೆಯಲ್ಲಿ ಬಂದರೂ ಚಳಿಗಾಲದಲ್ಲಿ ಸಾಯುತ್ತಿತ್ತು. ಈಗ ಆ ಸಮುದ್ರ ಉಳಿದ ಕಡೆಗಿಂತ ಬೇಗ ಬಿಸಿಯಾಗುತ್ತಿದೆ, ಬಂದ ಮೀನು ಚಳಿಗಾಲ ಕಳೆದು ಅಲ್ಲೇ ಉಳಿಯುತ್ತಿದೆ. ಹೀಗೆ ಆ ಕಡೆಯಿಂದ ಬಂದು ಸೇರಿದ ಮೀನಿನ ಜಾತಿಗಳೇ ನೂರಕ್ಕಿಂತ ಜಾಸ್ತಿ ಇವೆ.

ಅದರಲ್ಲಿ ಒಂದು ಸಿಂಹಮೀನು. ನೋಡಲು ಬಹಳ ಚೆಂದ, ಮೈಮೇಲೆ ಕೆಂಪು ಬಿಳಿ ಪಟ್ಟೆ, ಬೆನ್ನ ಮೇಲೆ ವಿಷದ ಮುಳ್ಳು. ಮೆಡಿಟರೇನಿಯನ್‌ನಲ್ಲಿ ಇದು 1991ರಲ್ಲಿ ಇಸ್ರೇಲ್ ತೀರದಲ್ಲಿ ಒಂದು ಸಿಕ್ಕಿತ್ತು. ಆಮೇಲೆ ಸುಮಾರು ಇಪ್ಪತ್ತು ವರ್ಷ ಸುದ್ದಿಯೇ ಇಲ್ಲ. ಬಂತು, ಉಳಿಯಲಿಲ್ಲ ಅಂತ ಎಲ್ಲರೂ ಮರೆತರು. 2012ರಲ್ಲಿ ಲೆಬನಾನ್ ತೀರದಲ್ಲಿ ಮತ್ತೆ ಕಾಣಿಸಿತು, ಆಮೇಲೆ ಕೆಲವೇ ವರ್ಷದಲ್ಲಿ ಸೈಪ್ರಸ್, ಟರ್ಕಿ, ಗ್ರೀಸ್ ದಾಟಿ ಇಟಲಿಯವರೆಗೆ ಹೋಯಿತು. ಮೊದಲ ಸಲ ಬಂದಾಗ ನೀರಿನ ಬಿಸಿ ಸಾಲದೆ ಹೋದ ಮೀನಿಗೆ ಎರಡನೇ ಸಲ ಬರುವಷ್ಟರಲ್ಲಿ ನೀರು ಹದವಾಗಿತ್ತು. ಇದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಇವತ್ತು ನಮ್ಮ ಹವೆಗೆ ಆಗಿಬರದ ಮೀನು ಇನ್ನು ಹದಿನೈದು ವರ್ಷ ಕಳೆದ ಮೇಲೂ ಆಗಿಬರುವುದಿಲ್ಲ ಅಂತ ಯಾರೂ ಹೇಳಲಾರರು.

ಅಮೆರಿಕದ ಕಡೆ ಇದೇ ಸಿಂಹಮೀನು ಕಾಲುವೆಯಿಂದ ಹೋಗಿಲ್ಲ. ಫ್ಲಾರಿಡಾದಲ್ಲಿ 1985ರಲ್ಲಿ ಮೊದಲು ಸಿಕ್ಕಿತು. ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕಿದ್ದನ್ನು ಯಾರೋ ಸಮುದ್ರಕ್ಕೆ ಬಿಟ್ಟಿದ್ದರಿಂದ ಬಂದಿರಬೇಕು ಅನ್ನುವುದೇ ತಿಳಿದವರ ಅಭಿಪ್ರಾಯ. ಒಂದು ಹೆಣ್ಣು ಮೀನು ವರ್ಷಕ್ಕೆ ಇಪ್ಪತ್ತು ಲಕ್ಷದವರೆಗೂ ಮೊಟ್ಟೆ ಇಡುತ್ತದೆ. ಬಹಾಮಾಸ್‌ನಲ್ಲಿ ಸಣ್ಣ ಸಣ್ಣ ಹವಳದ ದಿಬ್ಬಗಳಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದ ಪರೀಕ್ಷೆಯ ಪ್ರಕಾರ, ಸಿಂಹಮೀನು ಇದ್ದ ಕಡೆ ಐದೇ ವಾರದಲ್ಲಿ ಹೊಸದಾಗಿ ಬಂದು ಸೇರುವ ಮರಿಮೀನುಗಳ ಸಂಖ್ಯೆ ಶೇ 79ರಷ್ಟು ಕಡಿಮೆಯಾಗಿತ್ತು. ಅಲ್ಲಿನ ಚಿಕ್ಕ ಮೀನುಗಳಿಗೆ ಇದು ಶತ್ರು ಅಂತಲೇ ಗೊತ್ತಿಲ್ಲ, ಹತ್ತಿರ ಬಂದರೂ ಓಡುವುದಿಲ್ಲ. ಈಗ ಅಲ್ಲಿ ಸಿಂಹಮೀನು ಹಿಡಿಯುವ ಸ್ಪರ್ಧೆ ಇಡುತ್ತಾರೆ, ಹೋಟೆಲಿನಲ್ಲಿ ಬೇಯಿಸಿ ಬಡಿಸುತ್ತಾರೆ. ಒಳ್ಳೆಯದೇ. ಆದರೆ ಮುಳುಗುವವರು ಹೋಗಲಾಗದಷ್ಟು ಆಳದಲ್ಲೂ ಅದು ಇದೆ, ಅಲ್ಲಿಂದ ಮತ್ತೆ ಮೇಲೆ ತುಂಬಿಕೊಳ್ಳುತ್ತದೆ. ಹಿಡಿದು ಹಿಡಿದು ಕಡಿಮೆ ಇಟ್ಟುಕೊಳ್ಳಬಹುದು, ಮುಗಿಸಲು ಆಗುವುದಿಲ್ಲ.

ಇನ್ನೊಂದು ಪಫರ್ ಮೀನು, ಹೊಟ್ಟೆ ಬಲೂನಿನ ಹಾಗೆ ಉಬ್ಬಿಸಿಕೊಳ್ಳುವ ಜಾತಿ. ಇದರಲ್ಲಿ ಬೆಳ್ಳಿ ಕೆನ್ನೆಯ ಒಂದು ದೊಡ್ಡ ಬಗೆ 2003ರಲ್ಲಿ ಟರ್ಕಿ ತೀರದಲ್ಲಿ ಸಿಕ್ಕಿತು. ಹತ್ತು ಹದಿನೈದು ವರ್ಷದಲ್ಲಿ ಸ್ಪೇನ್ ತನಕ ಕಾಣಿಸಿಕೊಂಡಿದೆ. ಹಲ್ಲು ಎಷ್ಟು ಗಟ್ಟಿ ಅಂದರೆ ಬಲೆಯನ್ನು ಕತ್ತರಿಸುತ್ತದೆ, ಗಾಳದ ದಾರ ತುಂಡು ಮಾಡುತ್ತದೆ, ಬಲೆಗೆ ಬಿದ್ದ ಬೇರೆ ಮೀನನ್ನು ಅಲ್ಲೇ ತಿಂದುಹಾಕುತ್ತದೆ. ಹಿಡಿದು ತಿನ್ನೋಣ ಅಂದರೆ ಮೈಯಲ್ಲಿ ವಿಷ. ಬೇಯಿಸಿದರೂ ಹೋಗದ ವಿಷ, ಅದಕ್ಕೆ ಔಷಧಿಯೂ ಇಲ್ಲ. ಇಸ್ರೇಲ್‌ನಲ್ಲಿ 2005ರಿಂದ 2008ರ ನಡುವೆ ಗೊತ್ತಿಲ್ಲದೆ ತಿಂದ 13 ಜನ ಆಸ್ಪತ್ರೆ ಸೇರಿದ್ದರು. ಟರ್ಕಿ ಸರ್ಕಾರ ಒಂದು ಬಾಲಕ್ಕೆ ಇಷ್ಟು ಅಂತ ಮೀನುಗಾರರಿಗೆ ದುಡ್ಡು ಕೊಟ್ಟಿತು, ಸೈಪ್ರಸ್ ಕಿಲೋ ಲೆಕ್ಕದಲ್ಲಿ ಕೊಟ್ಟಿತು. ಹಾಗೆ ಕೊಟ್ಟ ಮೇಲೂ ಮೀನು ಅಲ್ಲೇ ಇದೆ. ದಿನದ ಹಿಡಿತದಲ್ಲಿ ಬದುಕುವ ಸಣ್ಣ ದೋಣಿಯವನಿಗೆ ಇದರಿಂದ ಆಗುವ ನಷ್ಟವನ್ನು ಯೋಚನೆ ಮಾಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಕಾಲುವೆ ತೆಗೆದವನೂ ಅವನಲ್ಲ, ಕಡಲು ಕಾಯಿಸಿದವನೂ ಅವನಲ್ಲ.

ಪಾಚಿ ಮೇಯುವ ಮೊಲಮೀನುಗಳು ಇನ್ನೂ ಹಳೆಯವು, 1920ರ ದಶಕದಿಂದಲೇ ಅಲ್ಲಿ ಕಾಣಿಸಿಕೊಂಡವು. ಟರ್ಕಿ, ಗ್ರೀಸ್ ತೀರದ ಎಷ್ಟೋ ಬಂಡೆಗಳ ಮೇಲಿನ ಪಾಚಿಯನ್ನು ಬುಡ ಸಮೇತ ಮೇಯ್ದು ಬರಿ ಕಲ್ಲು ಉಳಿಸಿವೆ. ಪಾಚಿ ಹೋದರೆ ಅದರಲ್ಲಿ ಅಡಗಿ ಬೆಳೆಯುವ ಮರಿಗಳೂ ಹೋದವು.

ಎಲ್ಲ ತಪ್ಪನ್ನೂ ಹೊರಗಿನ ಮೀನಿನ ತಲೆಗೆ ಕಟ್ಟುವುದೂ ಸರಿಯಲ್ಲ. ಇಸ್ರೇಲ್ ತೀರದ ಆಳವಿಲ್ಲದ ನೀರಿನಲ್ಲಿ ಹಿಂದೆ ಇದ್ದ ಶಂಖ, ಚಿಪ್ಪಿನ ಜಾತಿಗಳಲ್ಲಿ ಹತ್ತರಲ್ಲಿ ಒಂದರಷ್ಟು ಮಾತ್ರ ಈಗ ಉಳಿದಿವೆ ಅಂತ 2021ರಲ್ಲಿ ಸಂಶೋಧಕರು ಬರೆದರು. ಅವರ ಪ್ರಕಾರ ಅದಕ್ಕೆ ಮುಖ್ಯ ಕಾರಣ ನೀರಿನ ಬಿಸಿ. ಅಂದರೆ ಬಿಸಿ ಎರಡು ಕೆಲಸ ಮಾಡುತ್ತದೆ. ಊರಿನವರನ್ನು ಸುಸ್ತು ಮಾಡುತ್ತದೆ, ಹೊರಗಿನವರಿಗೆ ಜಾಗ ಮಾಡಿಕೊಡುತ್ತದೆ.

ಈಗ ನಮ್ಮ ಕಡಲಿಗೆ ಬರೋಣ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪದಲ್ಲಿ ನಾವು ಕೊಳ್ಳುವ ಮೀನು ಒಂದು ಕಡೆ ಮಂಗಳೂರಿನಿಂದ ಸಂಪಾಜೆ ಘಾಟಿ ಹತ್ತಿ ಬರುತ್ತದೆ, ಇನ್ನೊಂದು ಕಡೆ ಕಣ್ಣೂರು, ತಲಶ್ಶೇರಿಯಿಂದ ಮಾಕುಟ್ಟ ದಾಟಿ ಬರುತ್ತದೆ. ಅರಬ್ಬಿ ಸಮುದ್ರದಲ್ಲಿ ಏನಾದರೂ ನಮ್ಮ ಅಡುಗೆಮನೆಗೆ ಗೊತ್ತಾಗಿಯೇ ಆಗುತ್ತದೆ. ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ ನೀರು 1951ರಿಂದ 2015ರ ನಡುವೆ ಸರಾಸರಿ 1 ಡಿಗ್ರಿ ಬಿಸಿಯಾಗಿದೆ, ಅದೇ ಅವಧಿಯಲ್ಲಿ ಜಗತ್ತಿನ ಕಡಲುಗಳ ಸರಾಸರಿ 0.7 ಡಿಗ್ರಿ. ಇದು ಕೇಂದ್ರ ಸರ್ಕಾರದ ಭೂವಿಜ್ಞಾನ ಸಚಿವಾಲಯದ ವರದಿಯಲ್ಲೇ ಇದೆ. ಒಂದು ಡಿಗ್ರಿ ಅಂದರೆ ನಮಗೆ ಏನೂ ಅಲ್ಲ. ಮೀನಿನ ಮೈ ಬಿಸಿ ಸುತ್ತಲಿನ ನೀರಿನ ಬಿಸಿಯೇ, ಅದಕ್ಕೆ ಒಂದು ಡಿಗ್ರಿ ಅಂದರೆ ಉಸಿರು, ಹಸಿವು, ಮೊಟ್ಟೆ ಇಡುವ ಕಾಲ ಎಲ್ಲವೂ ಏರುಪೇರು.

ನಾವು ಮತ್ತಿ ಅನ್ನುವ ಮೀನು, ಮಂಗಳೂರಿನವರ ಬೂತಾಯಿ, ಮೊದಲು ಹೆಚ್ಚುಕಡಿಮೆ ಮಲಬಾರ್ ಮತ್ತು ನಮ್ಮ ಕರಾವಳಿಗೆ ಸೇರಿದ್ದು. 1980ರ ದಶಕದಿಂದ ಈಚೆಗೆ ಅದು ಗುಜರಾತಿನ ಕಡೆಗೂ ಹೋಯಿತು, ಪೂರ್ವ ಕರಾವಳಿಗೂ ಹೋಯಿತು. ಕೊಚ್ಚಿಯ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಇದನ್ನು ವರ್ಷಗಟ್ಟಲೆ ಲೆಕ್ಕ ಇಟ್ಟು ತೋರಿಸಿದೆ. ಬಂಗುಡೆ ಮೊದಲು ಮೇಲ್ನೀರಿನ ಬಲೆಗೆ ಸಿಗುತ್ತಿತ್ತು, ಈಗ ತಳ ಗೋರುವ ಟ್ರಾಲ್ ಬಲೆಗೂ ಜಾಸ್ತಿ ಬೀಳುತ್ತದೆ, ಯಾಕೆಂದರೆ ತಂಪು ಹುಡುಕಿ ಆಳಕ್ಕೆ ಇಳಿದಿದೆ. ಬೇರೆ ಸಾಗರದ ಮೀನಿಗೆ ಉತ್ತರಕ್ಕೆ ಹೋಗಲು ದಾರಿ ಇದೆ. ಅರಬ್ಬಿ ಸಮುದ್ರಕ್ಕೆ ಉತ್ತರದಲ್ಲಿ ನೆಲ ಅಡ್ಡ ಇದೆ, ಇಲ್ಲಿನ ಮೀನು ಕೊನೆಗೆ ಎಲ್ಲಿಗೆ ಹೋಗಬೇಕು? ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಮತ್ತಿ 2021ರಲ್ಲಿ ಬರೀ 3,297 ಟನ್‌ಗೆ ಇಳಿಯಿತು. ಮರಿಗಳನ್ನೂ ಬಿಡದೆ ಗೋರಿದ್ದು ಒಂದು ಕಾರಣ, ಕಡಲಿನ ಹವೆ ಕೆಟ್ಟದ್ದು ಇನ್ನೊಂದು. ಇದರ ನಡುವೆ ಕರಾವಳಿಯ ಬಲೆಗಳಿಗೆ ಕಾರ್ಗಿಲ್ ಮೀನು ಅನ್ನುವ ಚೂಪು ಹಲ್ಲಿನ ಮೀನು ಹಿಂಡುಗಟ್ಟಲೆ ಬೀಳುತ್ತದೆ. ತಿನ್ನುವವರು ಕಡಿಮೆ, ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತದೆ. ಅದು ಪರದೇಶದ್ದಲ್ಲ, ಇದೇ ಸಾಗರದ್ದು. ಆದರೆ ಈ ಪರಿ ಹಿಂಡು ಹೊಸದು ಅಂತ ಮೀನುಗಾರರು ಹೇಳುತ್ತಾರೆ. ನಿಜವಾಗಿ ಪರದೇಶದಿಂದ ಬಂದದ್ದು ಅಂದರೆ ಕೇರಳದ ಅಷ್ಟಮುಡಿ, ವೆಂಬನಾಡು ಕಾಯಲುಗಳಲ್ಲಿ ತುಂಬಿಕೊಂಡ ಅಮೆರಿಕ ಮೂಲದ ಕಪ್ಪೆಚಿಪ್ಪು. ಹಡಗುಗಳು ತೂಕಕ್ಕೆಂದು ಹೊಟ್ಟೆಯಲ್ಲಿ ತುಂಬಿ ತರುವ ನೀರಿನಲ್ಲಿ ಇಂಥವು ಬರುತ್ತವೆ. ಹಸಿರು ಕಪ್ಪೆಚಿಪ್ಪು ಹೆಕ್ಕಿ ಬದುಕುತ್ತಿದ್ದವರ ಜಾಗವನ್ನು ಅದು ತಿಂದುಬಿಟ್ಟಿದೆ.

ಸಿಂಹಮೀನಿನ ಬಗ್ಗೆ ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ಆ ಮೀನು ನಮ್ಮದೇ ಸಾಗರದ್ದು. ಲಕ್ಷದ್ವೀಪದ ಹವಳದ ದಿಬ್ಬಗಳಲ್ಲೂ ಇದೆ. ಇಲ್ಲಿ ಅದರಿಂದ ಅಂಥ ತೊಂದರೆ ಇಲ್ಲ. ಇಲ್ಲಿನ ಮೀನಿಗೆ ಅದರ ಪರಿಚಯ ಇದೆ, ಅದನ್ನು ಹದ್ದುಬಸ್ತಿನಲ್ಲಿ ಇಡುವ ಬೇರೆ ಜೀವಿಗಳೂ ಇವೆ. ಮೀನಿನಲ್ಲಿ ಕೆಟ್ಟದ್ದೇನೂ ಇಲ್ಲ. ಅದನ್ನು ತನ್ನದಲ್ಲದ ನೀರಿಗೆ ಸಾಗಿಸಿದವರು ಮನುಷ್ಯರು, ಆ ನೀರನ್ನು ಅದಕ್ಕೆ ಬೇಕಾದಷ್ಟು ಬಿಸಿ ಮಾಡಿದವರೂ ಮನುಷ್ಯರು.

ನಮ್ಮ ಕಾವೇರಿಯಲ್ಲಿ ಇದೇ ಆಗಿದೆ, ಅದೂ ಪ್ರೀತಿಯಿಂದ ಮಾಡಿದ ಕೆಲಸದಿಂದ. ಗೂನು ಬೆನ್ನಿನ ದೊಡ್ಡ ಮಹಶೀರ್ ಕಾವೇರಿ ಕಣಿವೆಗೆ ಮಾತ್ರ ಸೇರಿದ ಮೀನು. 1946ರಲ್ಲಿ ಕಬಿನಿಯಲ್ಲಿ ಒಂದೇ ಮೀನು 120 ಪೌಂಡ್ ತೂಗಿತ್ತು, ಅಂದರೆ 54 ಕಿಲೋ. ಮಹಶೀರ್ ಕಡಿಮೆಯಾಗುತ್ತಿದೆ ಅಂತ 1970ರ ದಶಕದ ನಂತರ ಮಹಾರಾಷ್ಟ್ರದ ಲೋನಾವಳದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ತಂದು ಇಲ್ಲಿನ ನದಿಗೆ ಬಿಟ್ಟರು. ಅದು ಕೃಷ್ಣೆಯ ಕಡೆಯ ಮೀನು. ಹೆಸರು ಒಂದೇ, ಜಾತಿ ಬೇರೆ. ನದಿಯ ಕೆಳಭಾಗದಲ್ಲಿ ಗಾಳ ಹಾಕುವವರ ಕ್ಯಾಂಪಿನಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕ ನೋಡಿದರೆ ನೀಲಿ ರೆಕ್ಕೆಯದು ಏರುತ್ತಾ ಹೋಗಿದೆ, ಗೂನು ಬೆನ್ನಿನದು ಇಳಿಯುತ್ತಾ ಹೋಗಿದೆ. 2018ರಲ್ಲಿ ಗೂನು ಬೆನ್ನಿನ ಮಹಶೀರ್ ಅಳಿವಿನ ಅಂಚಿನ ಕೆಂಪು ಪಟ್ಟಿಗೆ, ಅದರಲ್ಲೂ ಅತ್ಯಂತ ಗಂಡಾಂತರದ ಸಾಲಿಗೆ ಸೇರಿತು. ಅಣೆಕಟ್ಟು, ಮರಳು ತೆಗೆಯುವುದು, ಡೈನಮೈಟ್ ಹಾಕಿ ಮೀನು ಹಿಡಿಯುವುದು ಎಲ್ಲವೂ ಇದಕ್ಕೆ ಕಾರಣವೇ. ಆದರೆ ಅಣ್ಣತಮ್ಮನಂತೆ ಕಾಣುವ ಮೀನನ್ನು ನಾವೇ ತಂದು ಬಿಟ್ಟದ್ದೂ ಒಂದು ಕಾರಣ. ರಾಮನಾಥಪುರದಲ್ಲಿ ದೇವರ ಮೀನು ಅಂತ ಕೈಮುಗಿದು ಪುರಿ ಹಾಕುವ ಜನ ನಾವು. ಅಷ್ಟು ಭಕ್ತಿ ಇರುವವರು ಯಾವ ಮೀನನ್ನು ಯಾವ ನದಿಗೆ ಬಿಡುತ್ತಿದ್ದೇವೆ ಅಂತ ಕೇಳಿಕೊಳ್ಳಬೇಡವೇ?

ಇನ್ನು ಕೆರೆ. ಕಾಫಿ ತೋಟ ಇರುವಲ್ಲೆಲ್ಲ ಸ್ಪ್ರಿಂಕ್ಲರ್‌ಗೆ ಕೆರೆ ಬೇಕು, ಕೆರೆ ಇದ್ದ ಮೇಲೆ ಸುಮ್ನೆ ಯಾಕೆ ಬಿಡುವುದು ಅಂತ ಮೀನುಮರಿ ತಂದು ಬಿಡುತ್ತೇವೆ. ಕಾಟ್ಲಾ, ರೋಹು ಬಿಡುವವರೇ ಹೆಚ್ಚು. ಅವೂ ಉತ್ತರದ ನದಿಗಳ ಮೀನೇ, ಆದರೆ ನಿಂತ ನೀರಿನಲ್ಲಿ ತಾವಾಗಿ ಮರಿ ಮಾಡುವುದಿಲ್ಲ, ಹಾಗಾಗಿ ಕೆರೆಯ ಮಟ್ಟಿಗೆ ಅಪಾಯ ಕಡಿಮೆ. ಟಿಲಾಪಿಯ, ನಮ್ಮವರು ಜಿಲೇಬಿ ಮೀನು ಅನ್ನುವುದು, ಹಾಗಲ್ಲ. ಆಫ್ರಿಕಾದ ಈ ಮೀನನ್ನು 1952ರಲ್ಲಿ ದೇಶಕ್ಕೆ ತಂದರು. ತಾಯಿ ಮೊಟ್ಟೆ, ಮರಿ ಎರಡನ್ನೂ ಬಾಯಲ್ಲಿಟ್ಟು ಕಾಯುತ್ತದೆ, ಹೀಗಾಗಿ ಹಾಕಿದ ಮೊಟ್ಟೆಯಲ್ಲಿ ಉಳಿಯುವ ಪಾಲು ದೊಡ್ಡದು. ಅದಕ್ಕೆ ಥಂಡಿ ಆಗುವುದಿಲ್ಲ, ನೀರು ಸುಮಾರು 20 ಡಿಗ್ರಿಗಿಂತ ಕೆಳಗೆ ಇಳಿದರೆ ಮರಿ ಮಾಡುವುದು ನಿಲ್ಲುತ್ತದೆ. ನಮ್ಮ ಬೆಟ್ಟದ ಹೊಳೆ, ಕೆರೆಗಳನ್ನು ಇಷ್ಟು ದಿನ ಕಾದದ್ದು ಮಾಗಿಯ ಆ ಥಂಡಿ. ಮೆಡಿಟರೇನಿಯನ್ ಅನ್ನು ಕಾದದ್ದೂ ಅದೇ, ಅಲ್ವಾ? ಕೊಡಗಿನ ಚಳಿ ಮೊದಲಿನ ಹಾಗಿಲ್ಲ ಅನ್ನುವುದನ್ನು ಇಲ್ಲಿನ ಹಿರಿಯರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಎಲ್ಲಕ್ಕಿಂತ ನನಗೆ ಹೆದರಿಕೆ ಇರುವುದು ಆಫ್ರಿಕನ್ ಕ್ಯಾಟ್‌ಫಿಶ್ ಬಗ್ಗೆ. ಇದನ್ನು ಸಾಕುವುದನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ. ಆದರೂ ಬೇಗ ಬೆಳೆಯುತ್ತದೆ, ಕೋಳಿ ಅಂಗಡಿಯ ಕಸ ಹಾಕಿದರೂ ತಿನ್ನುತ್ತದೆ ಅಂತ ಕದ್ದು ಸಾಕುವವರು ಇದ್ದಾರೆ. ಕೊಡಗಿನಲ್ಲೂ ಕೆರೆಗೆ ಬಿಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಬಿಟ್ಟವರಿಗೆ ಅದು ನಿಷೇಧ ಅಂತಲೇ ಗೊತ್ತಿರಲಿಲ್ಲ. ಇದು ಗಾಳಿಯನ್ನೂ ಉಸಿರಾಡುತ್ತದೆ. ಮಳೆ ಬಿದ್ದು ನೆಲ ಒದ್ದೆಯಾಗಿದ್ದರೆ ಒಂದು ನೀರಿನಿಂದ ಇನ್ನೊಂದು ನೀರಿಗೆ ತೆವಳಿಕೊಂಡು ಹೋಗುತ್ತದೆ. ಮೀನು, ಕಪ್ಪೆ, ಏಡಿ ಯಾವುದನ್ನೂ ಬಿಡುವುದಿಲ್ಲ. ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಹತ್ತಿ ಬರುವ ನಮ್ಮ ಸಣ್ಣ ಮೀನುಗಳಿಗೆ, ಗದ್ದೆಯ ಏಡಿಗೆ, ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಪಶ್ಚಿಮ ಘಟ್ಟದ ಕಪ್ಪೆಗಳಿಗೆ ಇದಕ್ಕಿಂತ ಕೆಟ್ಟ ನೆರೆಮನೆ ಬೇಕಿಲ್ಲ.

ಕೆರೆಗೆ ಏರಿ ಇದೆ, ಎಲ್ಲಿಗೆ ಹೋಗುತ್ತದೆ ಅಂತ ಕೆಲವರು ಕೇಳುತ್ತಾರೆ. 2018ರ ಆಗಸ್ಟ್ ಮರೆತುಹೋಯಿತೇ? ನಮ್ಮಲ್ಲಿ ಬೆಟ್ಟ ಜಾರಿದ ಅದೇ ದಿನಗಳಲ್ಲಿ ಕೇರಳದಲ್ಲಿ ಸಾಕಣೆ ಕೆರೆಗಳು ಉಕ್ಕಿ, ದಕ್ಷಿಣ ಅಮೆರಿಕದ ಅರಪೈಮ ಅನ್ನುವ ದೈತ್ಯ ಮೀನು ಚಾಲಕುಡಿ ಹೊಳೆಯಲ್ಲಿ ಬಲೆಗೆ ಬಿತ್ತು. ಮೊಸಳೆ ಮೂತಿಯ ಅಮೆರಿಕದ ಗಾರ್ ಮೀನೂ ಹೊಳೆ ಸೇರಿತು. ಮಾರನೇ ವರ್ಷ ಕರಡಿಗೋಡು, ನೆಲ್ಯಹುದಿಕೇರಿಯಲ್ಲಿ ಕಾವೇರಿ ಮನೆಗಳ ಒಳಗೇ ಬಂದಳು. ಮನೆಗೆ ನುಗ್ಗುವ ನೀರಿಗೆ ಕೆರೆಯ ಏರಿ ಯಾವ ಲೆಕ್ಕ? ಬಿಸಿಯಾದ ಕಡಲಿನಿಂದ ಜಾಸ್ತಿ ಆವಿ ಏಳುತ್ತದೆ, ಒಂದೆರಡು ದಿನದಲ್ಲೇ ತಿಂಗಳ ಮಳೆ ಸುರಿಯುವುದು ಹೆಚ್ಚಾಗುತ್ತದೆ. ಕಡಲು ಕಾದರೆ ಕೊಡಗಿನ ಕೆರೆ ಒಡೆಯುತ್ತದೆ. ಇಲ್ಲಿ ಹೊಳೆ ಸೇರಿದ್ದು ಮೈಸೂರು, ಮಂಡ್ಯ ದಾಟಿ ತಮಿಳುನಾಡಿನವರೆಗೂ ಹೋಗಬಹುದು, ಕೆಳಗಿನವರು ನಮ್ಮನ್ನು ಕೇಳಿದರೆ ಏನು ಹೇಳುವುದು?

ಲಂಟಾನದ ಉದಾಹರಣೆ ನಮ್ಮ ಕಣ್ಣೆದುರೇ ಇದೆ. ಹೂವು ಚೆಂದ ಅಂತ ಬ್ರಿಟಿಷರು 1800ರ ಶುರುವಿನಲ್ಲಿ ಈ ದೇಶಕ್ಕೆ ತಂದರು. ಇವತ್ತು ನಾಗರಹೊಳೆಯ ಕಾಡಿನಲ್ಲಿ ಹುಲ್ಲು ಬೆಳೆಯುವ ಜಾಗ ಎಷ್ಟೋ ಅದರ ಪಾಲಾಗಿದೆ. ಕಡಿದಷ್ಟೂ ಚಿಗುರುತ್ತದೆ. ಆದರೂ ಲಂಟಾನ ಕಣ್ಣಿಗೆ ಕಾಣುತ್ತದೆ, ಆಳು ಕರೆದು ಕಡಿಸಬಹುದು. ನೀರಿನೊಳಗಿನದ್ದು ಕಾಣುವುದೂ ಇಲ್ಲ, ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ಮೀನುಗಾರಿಕೆ ಇಲಾಖೆಯವರಲ್ಲಿ ನನ್ನ ಕೇಳಿಕೆ ದೊಡ್ಡದಲ್ಲ. ಮೀನುಮರಿ ಮಾರುವ ಪ್ರತಿಯೊಬ್ಬರೂ ಅದು ಯಾವ ಜಾತಿ, ಎಲ್ಲಿಂದ ಬಂತು ಅಂತ ಚೀಟಿ ಬರೆದು ಕೊಡಬೇಕು ಅನ್ನುವ ನಿಯಮ ಜಿಲ್ಲೆಯಲ್ಲಿ ಬರಲಿ. ಕ್ಯಾಟ್‌ಫಿಶ್ ಸಾಕಿದವರಿಗೆ ದಂಡ ಹಾಕುವ ಮೊದಲು ಒಂದು ಸಲ ತಿಳಿಸಿ ಹೇಳಿ, ಕೆರೆ ಬತ್ತಿಸಲು ಸಹಾಯ ಮಾಡಿ, ಬದಲಿಗೆ ಬೇರೆ ಮರಿ ಕೊಡಿ. ಸಣ್ಣ ಬೆಳೆಗಾರನಿಗೆ ನಷ್ಟವಾದರೆ ಅವನು ಮುಚ್ಚಿಡುತ್ತಾನೆ, ಮುಚ್ಚಿಟ್ಟರೆ ಯಾರಿಗೂ ಒಳ್ಳೆಯದಲ್ಲ. ಹಾರಂಗಿಗೆ, ಕಾವೇರಿಗೆ ಮೀನುಮರಿ ಬಿತ್ತನೆ ಮಾಡುವುದಿದ್ದರೆ ಈ ಕಣಿವೆಯದೇ ಜಾತಿ ಅಂತ ಖಾತ್ರಿಯಾದದ್ದನ್ನು ಮಾತ್ರ ಬಿಡಿ. ಫೋಟೋ ಹೊಡೆಸಿಕೊಳ್ಳುವ ಸಮಾರಂಭಕ್ಕೆ ಸಿಕ್ಕಿದ ಮರಿ ಸುರಿಯುವುದು ಬೇಡವೇ ಬೇಡ. ಮನೆಯಲ್ಲಿ ಗಾಜಿನ ತೊಟ್ಟಿ ಇಟ್ಟಿರುವ ಮಕ್ಕಳಿಗೆ, ಅವರ ಅಪ್ಪ ಅಮ್ಮನಿಗೆ ಒಂದು ಮಾತು: ಮೀನು ದೊಡ್ಡದಾಯಿತು, ಜಾಗ ಸಾಲದು ಅಂತ ಹೊಳೆಗೆ ಬಿಡಬೇಡಿ. ಕೊಂಡ ಅಂಗಡಿಗೇ ವಾಪಸ್ ಕೊಡಿ. ಬಿಟ್ಟರೆ ಪುಣ್ಯ ಅಂದುಕೊಳ್ಳುವವರಿದ್ದಾರೆ, ಅದರಿಂದ ಹೊಳೆಯಲ್ಲಿ ಸಾಯುವ ಜೀವಗಳ ಲೆಕ್ಕ ಯಾರು ಇಡುತ್ತಾರೆ?

ನಿಮ್ಮ ಪತ್ರಿಕೆಯಿಂದ ಒಂದು ಕೆಲಸ ಆಗಬೇಕು. ಮೆಡಿಟರೇನಿಯನ್‌ನಲ್ಲಿ ಹೊಸ ಮೀನು ಬಂದದ್ದನ್ನು ಎಷ್ಟೋ ಸಲ ಮೊದಲು ಕಂಡವರು ವಿಜ್ಞಾನಿಗಳಲ್ಲ, ಮೀನುಗಾರರು ಮತ್ತು ಮುಳುಗಿ ಈಜುವವರು. ಅವರು ಕಳಿಸಿದ ಫೋಟೋಗಳಿಂದಲೇ ಎಲ್ಲಿಗೆ ಏನು ಬಂತು ಅಂತ ಗೊತ್ತಾಗಿದೆ. ನಮ್ಮಲ್ಲೂ ಹೊಳೆಯಲ್ಲಿ ಗಾಳ ಹಾಕುವ ಹುಡುಗರಿದ್ದಾರೆ, ಕೂಳಿ ಇಡುವ ಹಿರಿಯರಿದ್ದಾರೆ. ಮೊದಲು ಕಂಡಿರದ ಮೀನು ಸಿಕ್ಕರೆ ನೀರಿಗೆ ವಾಪಸ್ ಬಿಡದೆ, ಫೋಟೋ ತೆಗೆದು, ಸಿಕ್ಕ ಜಾಗದ ಹೆಸರು ಬರೆದು ಕಳಿಸಿ ಅಂತ ನಿಮ್ಮ ಜಿಲ್ಲಾ ಪುಟದಲ್ಲಿ ಕೇಳಿ. ಬಂದದ್ದನ್ನು ಬಲ್ಲವರಿಗೆ ತೋರಿಸಿ ಯಾವ ಮೀನು ಅಂತ ಹಾಕಿ. ಮುಂಗಾರು ಶುರುವಾಗುವ ಮೊದಲೇ ಇದು ಆರಂಭವಾದರೆ ಒಳ್ಳೆಯದು, ಯಾಕೆಂದರೆ ಕೆರೆ ಉಕ್ಕುವುದೂ ಮೀನು ಹತ್ತುವುದೂ ಆಗಲೇ.

ಇಂತಿ,
ಒಬ್ಬ ಕಾಫಿ ಬೆಳೆಗಾರ
ಸಿದ್ದಾಪುರ, ಕೊಡಗು